ತಂಗಡಿ ಚಕ್ಕೆ ಹಿಡಿದ ಧಾರಾವಿ ದಾರಿ

ಕನ್ನಡ ಶಾಲೆಯಲ್ಲಿ ಓದಿದವರಿಗೆ 1565ರ ರಕ್ಕಸತಂಗಡಿ ಯುದ್ಧ ಗೊತ್ತಿಲ್ಲದೆ ಇರದು. ಅಳಿಯ ರಾಮರಾಯ ಸತ್ತ, ವಿಜಯನಗರ ಸೋತಿತು, ಹಂಪಿ ಹಾಳಾಯಿತು ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ತಾಳಿಕೋಟೆ ಯುದ್ಧ ಅಂತಲೂ ಕರೆಯುವ ಆ ಕಾಳಗಕ್ಕೆ ಈ ಹೆಸರು ಬಂದದ್ದು ನಮ್ಮ ಕೃಷ್ಣಾ ಸೀಮೆಯ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳಿಂದ. ತಂಗಡಗಿ ಅಂದ ಕೂಡಲೇ ವಿಜಯಪುರ ಜಿಲ್ಲೆಯವನಾದ ನನಗೆ ನೆನಪಾಗುವುದು ಮಾತ್ರ ಯುದ್ಧವಲ್ಲ, ಒಂದು ಗಿಡ. ಮಡ್ಡಿಯ ಮೇಲೆ, ರಸ್ತೆಯ ಬದಿಗೆ, ಹಾಳುಬಿದ್ದ ಹೊಲದ ಬದುವಿನಲ್ಲಿ ಯಾರೂ ನೆಡದೆ ಯಾರೂ ನೀರು ಹಾಕದೆ ಬೆಳೆದು ಮೈತುಂಬ ಹಳದಿ ಹೂ ಬಿಡುವ ತಂಗಡಿ.

ಈ ಗಿಡ ಮುಂಬೈಯ ಧಾರಾವಿಯಲ್ಲಿ ಬೆಳೆಯುವುದಿಲ್ಲ. ಅಲ್ಲಿರುವುದು ಜೌಗು ನೆಲ. ಖಾಡಿಯ ಅಂಚಿಗೆ ಕಾಂಡ್ಲಾ ಗಿಡಗಳು. ಆದರೂ ಧಾರಾವಿಯ ಕಥೆ ಹೇಳಬೇಕಾದರೆ ತಂಗಡಿಯನ್ನು ಬಿಟ್ಟು ಹೇಳಲಾಗದು ಎಂಬುದು ಮುಂಬೈಯಲ್ಲಿ ಮೂರೂವರೆ ದಶಕ ಬ್ಯಾಂಕಿನ ಕೆಲಸ ಮಾಡಿದ ನನ್ನ ಅಭಿಪ್ರಾಯ. ಊರಿನ ಓದುಗರಿಗೆ ಧಾರಾವಿ ಅಂದರೆ ಸಿನಿಮಾದಲ್ಲಿ ಕಂಡ ಕೊಳೆಗೇರಿ. ಅದರ ಒಂದು ಬೇರು ನಮ್ಮ ಮಡ್ಡಿಯಲ್ಲೇ ಇದೆ ಅಂದರೆ ಸುಲಭಕ್ಕೆ ನಂಬುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ಗಿಡದ ಮಾತು. ಕನ್ನಡದಲ್ಲಿ ತಂಗಡಿಗೆ ಆವರಿಕೆ ಎಂಬ ಹೆಸರೂ ಉಂಟು. ತಮಿಳರು ಆವಾರಂ ಅನ್ನುತ್ತಾರೆ, ತೆಲುಗರು ತಂಗೇಡು, ಮರಾಠಿಗರು ತರವಡ. ಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಸಿಗುತ್ತದೆ. ಎಲೆಕಡ್ಡಿಯ ಬುಡದಲ್ಲಿ ಕಿವಿಯ ಹಾಗೆ ಎರಡು ಪುಟ್ಟ ಎಲೆಗಳಿರುವುದರಿಂದ ಆ ಲ್ಯಾಟಿನ್ ಹೆಸರು. ಸಾಧಾರಣವಾಗಿ ಆಳೆತ್ತರದ ಪೊದೆ. ಆಂಧ್ರದಿಂದ ಬೇರೆಯಾದ ತೆಲಂಗಾಣ 2014ರಲ್ಲಿ ಇದನ್ನೇ ರಾಜ್ಯದ ಹೂ ಎಂದು ಆರಿಸಿಕೊಂಡಿತು. ಅಲ್ಲಿಯ ಬತುಕಮ್ಮ ಹಬ್ಬ ಈ ಹೂವಿಲ್ಲದೆ ಆಗದು. ನಮ್ಮೂರಲ್ಲಿ ದೀಪಾವಳಿಯ ಪಾಡ್ಯದಂದು ಸಗಣಿಯ ಪಾಂಡವರಿಗೆ ಸಿಕ್ಕಿಸುವ ಹೂಗಳಲ್ಲಿ ಇದೂ ಒಂದಾಗಿತ್ತು.

ತಂಗಡಿಯ ನೆಲೆ ದಖನ್ನಿನ ಕುರುಚಲು ಕಾಡು. ವರ್ಷದ ಏಳೆಂಟು ತಿಂಗಳು ಒಣಗಿರುವ ಈ ನೆಲದ ಹುಲ್ಲಿಗೆ ಬೇಸಿಗೆಯಲ್ಲಿ ಕಿಡಿ ಬಿದ್ದರೆ ಸಾಕು, ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ. ಮಳೆಯಾದ ಮೇಲೆ ಹೊಸ ಹುಲ್ಲು ಚೆನ್ನಾಗಿ ಬರಲಿ ಅಂತ ದನಕುರಿ ಕಾಯುವವರು ತಾವೇ ಬೆಂಕಿ ಇಡುವುದೂ ಉಂಟು. ಇಂಥ ಕಡೆ ಬಾಳುವ ಗಿಡ ಮೊಂಡಾಗಿರಬೇಕು. ತಂಗಡಿ ಹಾಗಿದೆ. ದನ ಬಾಯಿ ಹಾಕುವುದಿಲ್ಲ. ಬುಡದವರೆಗೆ ಕಡಿದರೂ ಒಂದೆರಡು ಮಳೆಗೆ ಮೋಟಿನಿಂದ ಹತ್ತಾರು ಚಿಗುರು ಹೊಮ್ಮಿಸುತ್ತದೆ. ಈ ಒಂದು ಗುಣವೇ ಅದನ್ನು ದೊಡ್ಡ ವ್ಯಾಪಾರದ ಸರಕನ್ನಾಗಿ ಮಾಡಿತು. ಕಡಿದಷ್ಟೂ ಬೆಳೆಯುವ ಗಿಡದಿಂದ ವರ್ಷ ವರ್ಷವೂ ಚಕ್ಕೆ ಸುಲಿಯಬಹುದಲ್ಲ!

ಚಕ್ಕೆ ಏಕೆ ಬೇಕು? ಹಸಿ ತೊಗಲು ಎರಡು ದಿನಕ್ಕೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಅದು ಕೊಳೆಯದೆ, ಮೆತ್ತಗೆ, ಗಟ್ಟಿಯಾಗಿ ಉಳಿಯಬೇಕಾದರೆ ಒಗರಿರುವ ರಸದಲ್ಲಿ ನೆನೆಯಬೇಕು. ಅಡಿಕೆಯಲ್ಲಿ, ಕಡಕ್ ಚಹಾದಲ್ಲಿ ನಾಲಿಗೆಯನ್ನು ಹಿಡಿದಂತೆ ಮಾಡುತ್ತದಲ್ಲ, ಅದೇ ಒಗರು; ಇಂಗ್ಲಿಷಿನವರು ಟ್ಯಾನಿನ್ ಅನ್ನುತ್ತಾರೆ. ತಂಗಡಿ ಚಕ್ಕೆಯಲ್ಲಿ ಅದು ಶೇಕಡಾ 15ರಿಂದ 20ರಷ್ಟು ಇರುತ್ತದೆ. ಹಳ್ಳಿಯ ಪದ್ಧತಿ ಹೀಗಿತ್ತು: ತೊಗಲನ್ನು ಸುಣ್ಣದ ನೀರಿನಲ್ಲಿ ಹಲವು ದಿನ ನೆನೆಸಿ ಕೂದಲು ಕೆರೆಯುವುದು, ಒಳಮೈಗೆ ಅಂಟಿದ ಮಾಂಸ ಹೆರೆಯುವುದು, ತೊಳೆದು ಚೀಲದ ಹಾಗೆ ಹೊಲಿದು ಮರಕ್ಕೆ ತೂಗುಹಾಕುವುದು. ಒಳಗೆ ಕುಟ್ಟಿದ ಚಕ್ಕೆ ತುಂಬಿ ನೀರು ಹೊಯ್ಯುವುದು. ಚೀಲದಿಂದ ಒಸರಿದ ಕೆಂಪು ನೀರನ್ನು ಗಡಿಗೆಯಲ್ಲಿ ಹಿಡಿದು ಮತ್ತೆ ಮೇಲಿಂದ ಹೊಯ್ಯುವುದು. ಹೀಗೆ ದಿನಗಟ್ಟಲೆ. ತಂಗಡಿಯಲ್ಲಿ ಹದವಾದ ತೊಗಲು ತಿಳಿ ಬಣ್ಣದ್ದು, ಆದರೆ ಬಿಸಿಲು ತಾಗಿದರೆ ಕೆಂಪಾಗುತ್ತದೆ. ಹಾಗಾಗದಿರಲಿ ಎಂದು ಕಡೆಗೆ ಅಳಲೆಕಾಯಿ ನೀರಿನಲ್ಲಿ ಅದ್ದುತ್ತಿದ್ದರು. ಇದನ್ನೆಲ್ಲ ಯಾವ ಕಾಲೇಜೂ ಕಲಿಸಿದ್ದಲ್ಲ. ಮೂಗು, ಬೆರಳು, ನಾಲಿಗೆಯ ಮೇಲೆ ಕಲಿತ ರಸಾಯನಶಾಸ್ತ್ರ.

ಊರಿನ ಒಕ್ಕಲುತನ ಈ ವಿದ್ಯೆಯ ಮೇಲೆ ನಿಂತಿತ್ತು. ಎತ್ತಿಗೆ ಮಿಣಿ, ಕೈಗೆ ಬಾರುಕೋಲು, ಕಾಲಿಗೆ ಚಪ್ಪಲಿ, ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲ ಚೀಲ. ಕೊಟ್ಟವರಿಗೆ ಸುಗ್ಗಿಯಲ್ಲಿ ಆಯದ ಕಾಳು. ಆದರೆ ಹದ ಮಾಡುವವನ ಮನೆ ಊರ ಹೊರಗೆ. ಅವನ ಕೈಯ ಮಿಣಿ ಒಳಗೆ ಬರಬಹುದು, ಅವನು ಬರುವಂತಿಲ್ಲ. ಸತ್ತ ದನ ಹೊತ್ತೊಯ್ಯುವುದು ಅವನ ಹಕ್ಕೂ ಹೌದು, ಅವನಿಗೆ ಅಂಟಿಸಿದ ಮೈಲಿಗೆಯೂ ಹೌದು. ತಂಗಡಿ ಹೂವನ್ನು ದೇವರಿಗೆ ಏರಿಸಿದ ನಾವು ಅದರ ಚಕ್ಕೆ ಸುಲಿದವರನ್ನು ಎಲ್ಲಿಟ್ಟಿದ್ದೆವು ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಈ ಜನ ಊರು ಬಿಡಲು ಹಾದಿ ತೆರೆದದ್ದು ರೈಲು. ಮುಂಬೈಯಿಂದ ಬಂದ ಹಳಿ ಸೊಲ್ಲಾಪುರ, ಕಲಬುರ್ಗಿ, ವಾಡಿ, ಯಾದಗಿರಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಐದು ವರ್ಷ ಆಗುವುದರೊಳಗೆ 1876–78ರ ಮಹಾಬರ. ವಿಜಯಪುರ, ಬಾಗಲಕೋಟೆ ಸೀಮೆ ಆಗ ಕಲಾದಗಿ ಜಿಲ್ಲೆ. ಮುಂಬೈ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅದೂ ಒಂದು. ಜನ ಸತ್ತರು, ದನ ಲೆಕ್ಕವಿಲ್ಲದೆ ಸತ್ತವು. ಬರಗಾಲದಲ್ಲಿ ಉಳಿದೆಲ್ಲ ವ್ಯಾಪಾರ ಬಿದ್ದರೂ ತೊಗಲಿನ ರಫ್ತು ಏರುತ್ತದೆ ಎಂಬುದು ಕಹಿಯಾದ ಅರ್ಥಶಾಸ್ತ್ರ. ತೊಗಲು ರೈಲು ಹತ್ತಿ ಬಂದರಿಗೆ ಹೋಯಿತು. ಅದರ ಹಿಂದೆ ಕೆಲಸ ಬಲ್ಲ ಕೈಗಳೂ ಹೋದವು.

ಹೋದದ್ದು ಎಲ್ಲಿಗೆ? ಮುಂಬೈ ಪಾಲಿಕೆ 1860ರ ದಶಕದಲ್ಲಿ ಕಸಾಯಿಖಾನೆಯನ್ನು ಊರೊಳಗಿಂದ ಬಾಂದ್ರಾಕ್ಕೆ ತಳ್ಳಿತ್ತು. ಹತ್ತಿರದಲ್ಲೇ ಮಾಹಿಮ್ ಖಾಡಿಯ ಈಚೆ ಧಾರಾವಿ. ಮುಂಬೈಯ ದೊಡ್ಡ ಕೋಳಿವಾಡಗಳಲ್ಲಿ ಒಂದು, ಮೀನುಗಾರರ ಊರು. ಹಸಿ ತೊಗಲು ಪಕ್ಕದಲ್ಲೇ, ಹೊಲಸು ನೀರು ಬಿಡಲು ಖಾಡಿ, ವಾಸನೆಗೆ ಮೂಗು ಮುಚ್ಚುವ ದೊಡ್ಡಮನುಷ್ಯರು ದೂರ. 1887ರ ಹೊತ್ತಿಗೆ ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ಎದ್ದಿತು. ಬೋಹ್ರಾ ಸಮಾಜದ ಆದಮ್‌ಜಿ ಪೀರಭಾಯಿ ಅವರ ಹೆಸರು ಈ ಕಾಲದ್ದೇ. ಸೈನ್ಯಕ್ಕೆ ಬೂಟು, ಜೀನು ಮೊದಲಾದ ಸಾಮಾನು ಒದಗಿಸುವ ಅವರ ಕಾರ್ಖಾನೆ ಭಾರಿಯಾಗಿತ್ತು. ಮಾಥೇರಾನ್ ಗುಡ್ಡಕ್ಕೆ ಪುಟ್ಟ ರೈಲು ಹಾಕಿಸಿದ್ದೂ ಇದೇ ಮನೆತನ. ತಮಿಳುನಾಡಿನಿಂದ ಮುಸ್ಲಿಂ ಚರ್ಮ ವ್ಯಾಪಾರಿಗಳು ಬಂದರು. ಅವರೊಡನೆ ತಿರುನಲ್ವೇಲಿ ಕಡೆಯ ದಲಿತ ಕೂಲಿಗಳು ಬಂದರು. ದಖನ್ನಿನಿಂದ ಢೋರರು, ಸಮಗಾರರು ಬಂದರು. ಧಾರಾವಿಯಲ್ಲಿ ಢೋರವಾಡಾ, ಚಮಡಾ ಬಜಾರ್ ಎಂಬ ಹೆಸರುಗಳು ನೆಲೆಯಾದವು.

ಆ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿ ಹದಕ್ಕೆ ಬಳಸುತ್ತಿದ್ದ ಮುಖ್ಯ ಚಕ್ಕೆಗಳು ಎರಡು: ತರವಡ, ಅಂದರೆ ನಮ್ಮ ತಂಗಡಿ, ಮತ್ತು ಬಾಭೂಳ, ಅಂದರೆ ಜಾಲಿ. 1903ರಲ್ಲಿ ಮಾರ್ಟಿನ್, 1910ರಲ್ಲಿ ಗತ್ರಿ ಎಂಬ ಇಂಗ್ಲಿಷರು ಈ ಪ್ರಾಂತ್ಯದ ಚರ್ಮೋದ್ಯಮದ ಮೇಲೆ ಸರಕಾರಕ್ಕಾಗಿ ಪುಸ್ತಕಗಳನ್ನೇ ಬರೆದರು. ಮದ್ರಾಸ್ ಕಡೆಯಿಂದಂತೂ ತಂಗಡಿಯಲ್ಲಿ ಅರೆಹದ ಮಾಡಿದ ತೊಗಲು ಹಡಗುಗಟ್ಟಲೆ ಲಂಡನ್ನಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈ ತೊಗಲು ಎಷ್ಟು ಬೇಕಾಯಿತೆಂದರೆ ಸರಕಾರವೇ ಖರೀದಿಗೆ ಕೈಹಾಕಿತು, ತಂಗಡಿ ಚಕ್ಕೆಗೆ ಅಭಾವ ಬಂತು. ನಮ್ಮ ಮಡ್ಡಿಯಲ್ಲಿ ಕೇಳುವವರಿಲ್ಲದೆ ಬೆಳೆದ ಗಿಡ ಫ್ರಾನ್ಸಿನ ಕಂದಕಗಳಲ್ಲಿ ನಡೆದ ಸಿಪಾಯಿಗಳ ಕಾಲಿನವರೆಗೆ ಹೋಗಿತ್ತು.

ತಂಗಡಿಯ ಜಾಗವನ್ನು ಕಸಿದುಕೊಂಡದ್ದು ಇನ್ನೊಂದು ಗಿಡ, ಅದೂ ಬೆಂಕಿಯ ನಾಡಿನದೇ. ಆಗ್ನೇಯ ಆಸ್ಟ್ರೇಲಿಯಾದ ಕಪ್ಪು ವಾಟಲ್ ಎಂಬ ಅಕೇಶಿಯ ಜಾತಿಯ ಮರ. ಅದರ ಬೀಜ ಗಟ್ಟಿ ಸಿಪ್ಪೆಯೊಳಗೆ ದಶಕಗಟ್ಟಲೆ ಮಣ್ಣಿನಲ್ಲಿ ನಿದ್ದೆಹೊಡೆದು, ಕಾಡಿಗೆ ಬೆಂಕಿ ಬಿದ್ದು ನೆಲ ಕಾದ ಮೇಲೆ ಒಮ್ಮೆಗೇ ಮೊಳಕೆಯೊಡೆಯುತ್ತದೆ. 1864ರಲ್ಲಿ ವ್ಯಾಂಡರ್‌ಪ್ಲಾಂಕ್ ಎಂಬಾತ ಅದರ ಬೀಜವನ್ನು ದಕ್ಷಿಣ ಆಫ್ರಿಕಾದ ನಟಾಲಿಗೆ ತಂದ. ನೆರಳಿಗೆಂದು ಬಂದ ಮರದ ಚಕ್ಕೆಯಲ್ಲಿ ಒಗರಿನ ಪ್ರಮಾಣ ಶೇಕಡಾ 30ಕ್ಕೂ ಮಿಕ್ಕಿ ಎಂದು ಗೊತ್ತಾದ ಮೇಲೆ ಬೆಟ್ಟಬೆಟ್ಟಗಳೇ ವಾಟಲ್ ತೋಟಗಳಾದವು. ಅಲ್ಲಿಂದ ಮುಂಬೈ, ಮದ್ರಾಸ್ ಬಂದರುಗಳಿಗೆ ಚಕ್ಕೆ ಬಂತು. ಒಂದು ಮೂಟೆ ವಾಟಲ್ ಎರಡು ಮೂಟೆ ತಂಗಡಿಯ ಕೆಲಸ ಮಾಡುವಾಗ ಮಾಲೀಕ ಯಾವುದನ್ನು ಕೊಂಡಾನು? ಪೊದೆಪೊದೆ ತಿರುಗಿ ಚಕ್ಕೆ ಸುಲಿದು, ಒಣಗಿಸಿ, ಸಂತೆಗೆ ತರುತ್ತಿದ್ದ ಹಳ್ಳಿಯ ಹೆಂಗಸರು, ಮಕ್ಕಳ ಕೂಲಿ ಅಲ್ಲಿಗೆ ಸವೆಯುತ್ತ ಬಂತು.

1946ರಲ್ಲಿ ದಕ್ಷಿಣ ಆಫ್ರಿಕಾ ಅಲ್ಲಿಯ ಭಾರತೀಯರು ಎಲ್ಲಿ ನೆಲ ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಕಟ್ಟು ಹಾಕುವ ಕಾನೂನು ತಂದಿತು. ಅದನ್ನು ಪ್ರತಿಭಟಿಸಿ ಭಾರತ ಆ ದೇಶದೊಂದಿಗೆ ವ್ಯಾಪಾರವನ್ನೇ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ದೇಶದ ಮಾನದ ಪ್ರಶ್ನೆ, ಸರಿಯಾದದ್ದೇ. ಆದರೆ ಚರ್ಮದವರಿಗೆ ನಟಾಲಿನ ಚಕ್ಕೆ ತಪ್ಪಿತು. ಮುಂದೆ ಸರಕಾರ ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲುಗಳಲ್ಲಿ ವಾಟಲ್ ನೆಡಿಸಿತು. ಆ ಮರ ಅಲ್ಲಿಯ ಶೋಲಾ ಸೀಮೆಯನ್ನು ಆಕ್ರಮಿಸಿದ್ದನ್ನು ಅರಣ್ಯ ಇಲಾಖೆಯವರು ಇಂದಿಗೂ ಕೀಳುತ್ತಿದ್ದಾರೆ. ಮನೆಯ ಗಿಡ ಮಡ್ಡಿಯಲ್ಲೇ ಹೂ ಬಿಡುತ್ತಿತ್ತು.

ಇನ್ನೊಂದು ಪೆಟ್ಟು ರಾಸಾಯನಿಕದ್ದು. ಕ್ರೋಮಿಯಂ ಉಪ್ಪಿನಲ್ಲಿ ಅದ್ದಿದರೆ ವಾರಗಟ್ಟಲೆಯ ಹದ ಒಂದೆರಡು ದಿನಕ್ಕೆ ಆಗುತ್ತದೆ. ದಕ್ಷಿಣ ಭಾರತದಲ್ಲಿ ಇದನ್ನು ಮೊದಲು ಪಟ್ಟುಹಿಡಿದು ಮಾಡಿ ತೋರಿಸಿದವರು ಮದ್ರಾಸಿನ ಆಲ್ಫ್ರೆಡ್ ಚಾಟರ್ಟನ್. ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದು ಗಂಧದೆಣ್ಣೆ ಕಾರ್ಖಾನೆಗೆ ದುಡಿದವರೂ ಇವರೇ. ಕ್ರೋಮ್ ಬಂದ ಮೇಲೆ ಹದ ಎಂಬುದು ಕೈಯ ವಿದ್ಯೆಯಾಗಿ ಉಳಿಯಲಿಲ್ಲ, ಡ್ರಮ್ಮು ಮತ್ತು ಫಾರ್ಮುಲಾದ ಕೆಲಸವಾಯಿತು. ಹರಿದುಹೋಗುವ ನೀರು ಮಾತ್ರ ಇನ್ನೂ ಕೆಟ್ಟಿತು.

ಈಗ ಒಂದು ರಸ್ತೆಯ ಹೆಸರಿಗೆ ಬರುತ್ತೇನೆ. ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆಯಿದೆ. ದಿನಕ್ಕೆ ಸಾವಿರಾರು ಜನ ಓಡಾಡುತ್ತಾರೆ. ಮರಾಠಿ ಫಲಕ ನೋಡಿದವರು ಯಾರೋ ಮಹಾರಾಷ್ಟ್ರದ ಸಂತರಿರಬೇಕು ಅಂದುಕೊಳ್ಳುತ್ತಾರೆ. ಆತ ನಮ್ಮ ಡೋಹರ ಕಕ್ಕಯ್ಯ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣ. ಮಾಳವದಿಂದ ಬಂದವನೆಂದು ಹೇಳುತ್ತಾರೆ. ಕಾಯಕ ತೊಗಲು ಹದ ಮಾಡುವುದು. ಅಭಿನವ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಆತನ ಆರು ವಚನಗಳು ನಮಗೆ ಸಿಕ್ಕಿವೆ. ತನ್ನ ಕಾಯಕವನ್ನು ಬಿಡದೆ, ಜಾತಿಯನ್ನು ಮುಚ್ಚಿಡದೆ ಶರಣರ ಸಾಲಿನಲ್ಲಿ ಸಮನಾಗಿ ಕೂತವನು.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಯಿಂದ ಕಲ್ಯಾಣ ಹೊತ್ತಿ ಉರಿದದ್ದು, ಶರಣರು ಚದುರಿದ್ದು ಎಲ್ಲರಿಗೂ ತಿಳಿದದ್ದೇ. ವಚನದ ಓಲೆಗಳನ್ನು ಹೊತ್ತು ಉಳವಿಯ ಕಡೆ ಹೊರಟ ಚೆನ್ನಬಸವಣ್ಣನ ತಂಡಕ್ಕೆ ಕಕ್ಕಯ್ಯ ಕಾವಲಾಗಿದ್ದನಂತೆ. ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದಾಡಿ ಇಂದಿನ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಐಕ್ಯನಾದ ಎಂಬುದು ಪರಂಪರೆಯ ಮಾತು. ಊರಿನ ಹೆಸರೇ ಅವನದು. ಅದೇ ಹೊತ್ತಿಗೆ ಬಸವಣ್ಣನವರ ಮಡದಿ ನೀಲಾಂಬಿಕೆ ಮತ್ತು ಹಡಪದ ಅಪ್ಪಣ್ಣ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಐಕ್ಯರಾದರು. ಊರು ಬಿಟ್ಟು ಹೊರಟವರ ಹಾದಿಗಳು ನಮ್ಮ ನಕ್ಷೆಯಲ್ಲಿ ಆಗಿನಿಂದಲೇ ಇವೆ.

ಢೋರ ಸಮುದಾಯದವರು ಕಕ್ಕಯ್ಯನನ್ನು ತಮ್ಮ ಮೂಲಪುರುಷನೆಂದು ಪೂಜಿಸುತ್ತಾರೆ. ಸೊಲ್ಲಾಪುರ, ಕಲಬುರ್ಗಿ ಸೀಮೆಯಿಂದ ರೈಲು ಹತ್ತಿದಾಗ ಗಂಟಿನಲ್ಲಿ ರೊಟ್ಟಿ ಇತ್ತೋ ಇಲ್ಲವೋ, ಆತನ ಹೆಸರು ಇತ್ತು. ಮರಾಠಿಯ ಬಾಯಲ್ಲಿ ಅವನು ಸಂತನಾದ. ನೂರು ವರ್ಷದಲ್ಲಿ ಮನೆಯ ಮಾತೂ ಬಹಳ ಕಡೆ ಮರಾಠಿಯೇ ಆಯಿತು. ಆದರೆ ಬೊಂಬಾಯಿಯಂಥ ಊರಿನಲ್ಲಿ, ಗವರ್ನರುಗಳ, ಸೇಠ್‌ಗಳ ಹೆಸರಿನ ರಸ್ತೆಗಳ ನಡುವೆ, ತೊಗಲು ಹದ ಮಾಡಿದ ಒಬ್ಬ ಕನ್ನಡ ವಚನಕಾರನ ಹೆಸರನ್ನು ನಿಲ್ಲಿಸಿದರು. ನಮ್ಮ ವಿಶ್ವವಿದ್ಯಾಲಯಗಳಾಗಲಿ ಕನ್ನಡ ಸಂಘಗಳಾಗಲಿ ಮಾಡಿದ ಕೆಲಸವಲ್ಲ ಅದು.

1980ರ ದಶಕದ ಕೊನೆಗೆ ನಾನು ಸಾಯನ್ ಬಳಿಯ ಒಂದು ಶಾಖೆಯಲ್ಲಿ ಸಾಲದ ವಿಭಾಗ ನೋಡುತ್ತಿದ್ದೆ. ಬಡವರಿಗೆ ಶೇಕಡಾ 4ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆ 1972ರಿಂದ ಇತ್ತು. ಧಾರಾವಿಯ ಚರ್ಮದ ಕೆಲಸಗಾರರ ಅರ್ಜಿಗಳು ಬರುತ್ತಿದ್ದವು. ಬೆಲ್ಟು, ಪಾಕೀಟು, ಚೀಲ ಹೊಲಿಯುವವರು. ಸರಕು ಪರಿಶೀಲನೆಗೆ ಹೋಗುವುದು ನನ್ನ ಕೆಲಸ. ಆ ಹೊತ್ತಿಗೆ ಟ್ಯಾನರಿಗಳ ಕಾಲ ಮುಗಿಯುತ್ತ ಬಂದಿತ್ತು. ಕಸಾಯಿಖಾನೆ 1971ರಲ್ಲಿ ಬಾಂದ್ರಾದಿಂದ ದೇವನಾರಿಗೆ ಹೋಗಿತ್ತು. ಟ್ಯಾನರಿಗಳಲ್ಲಿ ಹೆಚ್ಚಿನವೂ ನಿಧಾನಕ್ಕೆ ಅದರ ಹಿಂದೆ ಹೋದವು. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮುಂಬೈಗೆ ಕೊಟ್ಟ 100 ಕೋಟಿಯಲ್ಲಿ ಧಾರಾವಿಯ ಪಾಲಿಗೂ ಹಣ ಬಂದು, ರಸ್ತೆ, ಚರಂಡಿ, ಕೆಲವು ಕಟ್ಟಡಗಳು ಆದವು. ವಾಸನೆ ಕಡಿಮೆಯಾಯಿತು ಎಂದು ಪತ್ರಿಕೆಗಳು ಬರೆದವು. ವಾಸನೆಯ ಜೊತೆಗೆ ಯಾರ ಕೂಲಿ ಹೋಯಿತು ಅಂತ ಬರೆದದ್ದು ಕಡಿಮೆ.

ಹಾಗೆ ಪರಿಶೀಲನೆಗೆ ಹೋದ ಕಡೆ ಒಬ್ಬ ಮುದುಕರು ಸಿಕ್ಕಿದ್ದರು. ಕಲಬುರ್ಗಿ ಕಡೆಯವರು. ನಾನು ವಿಜಯಪುರದವನು ಅಂತ ತಿಳಿದ ಮೇಲೆ ಮಾತು ಕನ್ನಡಕ್ಕೆ ಹೊರಳಿತು. ಮೂಲೆಯಲ್ಲಿ ಒಂದು ಗೋಣಿಚೀಲದಲ್ಲಿ ಕಂದು ಪುಡಿ ಇತ್ತು. “ಏನ್ರಿ ಅಜ್ಜಾರ ಇದು?” ಅಂದೆ. “ವಾಟಲ್ ಪೌಡರ್ ರೀ ಸಾಹೇಬ್ರ. ನಮ್ಮಪ್ಪನ ಕಾಲಕ್ಕ ತಂಗಡಿ ಚಕ್ಕಿ ಬರ್ತಿತ್ತು. ಬಾಯಾಗ ಇಟ್ಕೊಂಡು ಜಗದು ಹೇಳ್ತಿದ್ದ, ಇದು ಮಳಿ ಮುಂದಿನ ಚಕ್ಕಿ, ಇದು ಮಳಿ ಹಿಂದಿನ ಚಕ್ಕಿ ಅಂತ.” ಅವರ ಮಗ ಪಕ್ಕದಲ್ಲೇ ಮೆಶಿನ್ನಿನ ಮುಂದೆ ಕೂತು ಮರಾಠಿಯಲ್ಲಿ ಯಾರೊಡನೆಯೋ ದರ ಮಾತಾಡುತ್ತಿದ್ದ. ಅವನಿಗೆ ತಂಗಡಿ ಅಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

“ಊರಿಗೆ ಹೋಗಬೇಕ ಅನಸೂದಿಲ್ಲೇನ್ರಿ?” ಎಂದು ಕೇಳಿದೆ. ಹೊರನಾಡಿನಲ್ಲಿ ಒಬ್ಬರಿಗೊಬ್ಬರು ಕೇಳುವ ಮಾಮೂಲಿ ಪ್ರಶ್ನೆ. ಅವರು ನಕ್ಕರು. “ಊರಾಗ ನಾವು ಊರ ಹೊರಗ ಇದ್ದವ್ರು ರೀ ಸಾಹೇಬ್ರ. ಇಲ್ಲಿ ಎಲ್ಲಾರೂ ಹೊರಗಿನವ್ರ. ಅದಕ್ಕ ಇದ ನಮ್ಮೂರು.” ಮುಂಬೈ ಕನ್ನಡಿಗರ ಸಭೆಗಳಲ್ಲಿ ಊರಿನ ಹಂಬಲದ ಬಗ್ಗೆ ಬಹಳ ಭಾಷಣ ಕೇಳಿದ್ದೇನೆ. ಹಂಬಲಿಸಲು ಒಂದು ಅಂಗಳವಾದರೂ ಇದ್ದವರ ಭಾಷಣ ಅವು. ಈ ಮಾತು ಬೇರೆ.

ಅವರ ಅರ್ಜಿಗೆ ಬೇಕಾದದ್ದು ವಾಸದ ಪುರಾವೆ. ಇದ್ದದ್ದು ಒಂದು ರೇಶನ್ ಕಾರ್ಡು, 1976ರ ಝೋಪಡಪಟ್ಟಿ ಗಣತಿಯಲ್ಲಿ ಸರಕಾರ ಕೊಟ್ಟ ಫೋಟೋಪಾಸು. ಅವರ ಅಪ್ಪ ಅಲ್ಲಿಗೆ ಬಂದದ್ದು ಅದಕ್ಕಿಂತ ಬಹಳ ಹಿಂದೆ. ಅದಕ್ಕೆ ಕಾಗದವಿಲ್ಲ. ಟ್ಯಾನರಿಯಲ್ಲಿ ದಿನಗೂಲಿಗೆ ರಸೀದಿ ಇರಲಿಲ್ಲ, ಜೌಗಿಗೆ ಮಣ್ಣು ತುಂಬಿ ಗುಡಿಸಲು ಕಟ್ಟಿದವರಿಗೆ ಪಟ್ಟಾ ಯಾರು ಕೊಡುತ್ತಾರೆ? ಸಾಲವೇನೋ ಮಂಜೂರಾಯಿತು, ತೀರಿತು ಕೂಡ. ಆ ಫೋಟೋಪಾಸನ್ನು ಅವರು ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ ಸುತ್ತಿ, ಆ ಬಟ್ಟೆಯನ್ನು ಡಬ್ಬಿಯೊಳಗೆ ಇಟ್ಟಿದ್ದ ರೀತಿ ಮಾತ್ರ ಮರೆತಿಲ್ಲ.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳಬಹುದು. ಮದ್ರಾಸ್ ಪ್ರಾಂತ್ಯದ ಹಳೆಯ ಚರ್ಮದ ಸೀಮೆಯಾದ ವೆಲ್ಲೂರಿನ ಟ್ಯಾನರಿಗಳ ಹೊಲಸು ನೀರಿನ ಮೇಲೆ ಸುಪ್ರೀಂ ಕೋರ್ಟು 1996ರಲ್ಲಿ ಕಠಿಣ ತೀರ್ಪು ಕೊಟ್ಟಿತು. 2015ರಲ್ಲಿ ಮಹಾರಾಷ್ಟ್ರ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಧಾರಾವಿಗೆ ತೊಗಲು ಇನ್ನಷ್ಟು ತುಟ್ಟಿಯಾಯಿತು. ಹದವಾದ ಚರ್ಮ ಈಗ ಚೆನ್ನೈ, ಕಾನ್ಪುರದ ಕಡೆಗಳಿಂದ ಬಂದು ಧಾರಾವಿಯಲ್ಲಿ ಚೀಲ, ಜಾಕೀಟು ಆಗುತ್ತದೆ.

ಇತ್ತ ಗಿಡಮರದ ಹದಕ್ಕೆ ಮತ್ತೆ ಬೆಲೆ ಬರುತ್ತಿದೆ. ಜಾಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಅದರಲ್ಲಿ ಸಮಪಾಲು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಥರದ ಚಪ್ಪಲಿ ಪ್ರದರ್ಶಿಸಿ, ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳ ಪ್ರೇರಣೆಯನ್ನು ಒಪ್ಪಿಕೊಂಡಿತು. ಊರ ಹೊರಗೆ ಇಟ್ಟ ವಿದ್ಯೆ ಯಾವ ಅರಮನೆಯ ಮೆಟ್ಟಿಲೇರಿತು ನೋಡಿ!

ಧಾರಾವಿಯ ಪುನರಭಿವೃದ್ಧಿಯ ಮಾತು 2004ರಿಂದಲೂ ಇತ್ತು. 2022ರ ನವೆಂಬರಿನಲ್ಲಿ ಅದಾನಿ ಸಮೂಹದ ಬಿಡ್ಡು ಗೆದ್ದ ಮೇಲೆ ಅದು ನಿಜವಾಗತೊಡಗಿತು. 2024ರ ಮಾರ್ಚಿನಲ್ಲಿ ಮನೆಮನೆಯ ಸಮೀಕ್ಷೆ ಶುರುವಾಯಿತು. ಯೋಜನೆಯ ಪ್ರಕಾರ 2000ದ ಜನವರಿ 1ಕ್ಕಿಂತ ಮೊದಲಿನ ನೆಲಮಹಡಿಯ ಮನೆಯವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ ಪುಕ್ಕಟೆ. ನಂತರದವರಿಗೆ, ಅಟ್ಟದ ಮೇಲಿನವರಿಗೆ ಬೇರೆ ಕಡೆ, ಬೇರೆ ನಿಯಮ. ನೂರೈವತ್ತು ವರ್ಷದ ಕಥೆ ಕಡೆಗೆ ಒಂದು ತಾರೀಖು ಮತ್ತು ಒಂದು ಕಾಗದಕ್ಕೆ ಬಂದು ನಿಂತಿದೆ. ಹೊಸ ಮನೆ ಬೇಡವೆಂದು ನಾನು ಹೇಳಲಾರೆ. ಶೌಚಕ್ಕೆ ಸಾಲುಗಟ್ಟಿ ನಿಲ್ಲುವ ಬದುಕನ್ನು ಹೊರಗಿನಿಂದ ಹೊಗಳುವುದು ಸುಲಭ. ಆದರೆ ಅಲ್ಲಿ ಇರುವವರನ್ನು ಬರಿ ಅತಿಕ್ರಮಣ ಮಾಡಿದವರೆಂದು ಕರೆಯುವಾಗ ಲೆಕ್ಕ ತಪ್ಪುತ್ತದೆ. ಊರವರು ಬೇಡವೆಂದ ವಿದ್ಯೆಯನ್ನು, ಪಟ್ಟಣದವರು ಬೇಡವೆಂದ ಜೌಗಿಗೆ ತಂದು, ಅದರಿಂದ ಸಂಪತ್ತು ಮಾಡಿದವರು ಅವರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಆ ನೆಲದ ಖಾತೆಯಲ್ಲಿ ಅವರ ಜಮಾ ಬಹಳ ಹಳೆಯದು. ಪಾಸ್‌ಬುಕ್ಕು ಮಾತ್ರ ಇಲ್ಲ.

ವಚನದ ಓಲೆಗಳನ್ನು ಉಳಿಸುವುದಕ್ಕಾಗಿ ಕಕ್ಕಯ್ಯ ಪ್ರಾಣ ಕೊಟ್ಟನೆಂದು ನಾವು ನಂಬುತ್ತೇವೆ. ಅವನ ಕುಲದವರ ಕೈಯಲ್ಲಿ ಇಂದು ಇಲ್ಲದಿರುವುದು ಓಲೆಯೇ. ಹೊಸ ನಕ್ಷೆಯಲ್ಲಿ ಸಂತ ಕಕ್ಕಯ್ಯ ಮಾರ್ಗದ ಫಲಕ ಎಲ್ಲಿ ನಿಲ್ಲುತ್ತದೆಂದು ಕೇಳುವ ಹಕ್ಕು ಧಾರಾವಿಯವರಿಗೆ ಎಷ್ಟಿದೆಯೋ ಕನ್ನಡ ಬಲ್ಲ ನಮಗೂ ಅಷ್ಟೇ ಇದೆ. ಊರಿನ ಓದುಗರು ಮುಂಬೈಗೆ ಬಂದಾಗ ಗೇಟ್‌ವೇ, ಹಾಜಿ ಅಲಿ ನೋಡಿದ ಮೇಲೆ ಒಂದು ಗಳಿಗೆ ಆ ರಸ್ತೆಗೂ ಹೋಗಿ ಬರಲಿ ಎಂದು ನನ್ನ ಕೋರಿಕೆ. ಸಾಯನ್ ಸ್ಟೇಶನ್ನಿನಿಂದ ದೂರವೇನಿಲ್ಲ.